ಕೆಂಪು ನೂಲಿನ ಅಳತೆ

ಫೆಬ್ರವರಿ 18

ಅಕ್ಕಾ,

ಬದುಕಿದ್ದೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ನೀನು ಪತ್ರವನ್ನು ಕೊನೆಯಿಂದ ಓದಲು ಶುರುಮಾಡುತ್ತೀಯ. ಆಪರೇಷನ್ ಆಗಿ ನಾಲ್ಕು ದಿನವಾಯಿತು. ಹೊಟ್ಟೆಯ ಮೇಲೆ ಸಣ್ಣ ಸಣ್ಣ ತೂತುಗಳು, ಒಳಗೆ ಒಂದು ಬಾಳೆಹಣ್ಣಿನಷ್ಟು ಜಠರ. ಮಿಕ್ಕದ್ದನ್ನು ಕತ್ತರಿಸಿ ತೆಗೆದರು. ಅದನ್ನು ಎಲ್ಲಿಟ್ಟಿರಿ ಎಂದು ಡಾಕ್ಟರನ್ನು ಕೇಳಿದೆ. ಅವರು ನಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನವಳು, ನಿನ್ನ ನಾದಿನಿ, ನನ್ನ ತೋಳು ಚಿವುಟಿದಳು.

ಮೊದಲೇ ಹೇಳಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಸುಮ್ಮನಾಗಿಬಿಡುತ್ತಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿ ಕೇಳುವುದಿಲ್ಲ. ಮೆಸೇಜು ಮಾಡಿದರೆ ವಾರ ಬಿಟ್ಟು "ಸರಿ" ಎಂದು ಬರೆಯುತ್ತೀಯ. ಪತ್ರವಾದರೆ ಸರಿಯಾಗಿ ಬೈಯುತ್ತೀಯ, ಅದು ನನಗೆ ಇಷ್ಟ.

ಕಾರಣ ನಿನಗೆ ಗೊತ್ತಿರುವುದೇ. ಕ್ರೇನಿನ ಕ್ಯಾಬಿನ್ನಿನಲ್ಲಿ ಕೂರುವವನನ್ನು ಆಪತ್ತಿನಲ್ಲಿ ಕೆಳಗಿಳಿಸಲು ಒಂದು ಬೆಲ್ಟು ಇರುತ್ತದೆ. ಅದು ತಾಳುವುದು ನೂರಿಪ್ಪತ್ತು ಕೆಜಿ. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಹೊಸ ಸೇಫ್ಟಿ ಆಫೀಸರ್ ಬಂದವನೇ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿದ. ನೂರಾ ಅರವತ್ತು ದಾಟಿತ್ತು. ಅವತ್ತಿನಿಂದ ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ಕೂತು ಲಾರಿಗಳ ನಂಬರು ಬರೆಯುತ್ತಿದ್ದೇನೆ. ಮೇಲಿದ್ದಾಗ ನಾನು ದಪ್ಪಗಿದ್ದೇನೆಂದು ಯಾರಿಗೂ ಕಾಣುತ್ತಿರಲಿಲ್ಲ ಅಕ್ಕಾ. ಕೊಕ್ಕೆ ಎಷ್ಟು ಮೆತ್ತಗೆ ಇಳಿಯಿತು ಎಂಬುದಷ್ಟೇ ಕಾಣುತ್ತಿತ್ತು. ಇಲ್ಲಿ ಕೆಳಗೆ ಎಲ್ಲರಿಗೂ ಮೊದಲು ಕಾಣುವುದು ನನ್ನ ಹೊಟ್ಟೆ.

ನವೆಂಬರಿನಲ್ಲಿ ನದಿಯ ಆಚೆ ಹೊಸ ಕ್ರೇನು ನಿಲ್ಲಿಸುತ್ತಾರೆ. "ನೂರಿಪ್ಪತ್ತರ ಕೆಳಗೆ ಬಾ, ಸೀಟು ನಿಂದೇ" ಎಂದು ಮ್ಯಾನೇಜರು ಹೇಳಿದ್ದಾನೆ. ಅದಕ್ಕೇ ಇದೆಲ್ಲ. ನೀನು ಹೊಲಿದುಕೊಡುತ್ತಿದ್ದೆಯಲ್ಲ, ಏಣಿಗೆ ಸಿಕ್ಕಿಕೊಳ್ಳದ ಹಾಗೆ ಪಾದದ ಹತ್ತಿರ ಬಿಗಿಯಾಗಿರುವ ಪ್ಯಾಂಟು, ಅವನ್ನು ನಾನು ಇಳಿದ ಹಾಗೆ ಒಳಗೆ ಹಿಡಿದು ಚಿಕ್ಕದು ಮಾಡಿಕೊಡುತ್ತಾ ಬರಬೇಕು.

ನೋಡಲು ಮಾತ್ರ ಈಗ ಬರಬೇಡ. ನೂರಿಪ್ಪತ್ತರ ಕೆಳಗೆ ಬಂದ ದಿನ ಬಾ.

ನಿನ್ನ,
ಗುಂಡ


ಮಾರ್ಚ್ 1

ಗುಂಡಾ,

ಪತ್ರ ಓದಿ ಅಂಗಡಿಯಲ್ಲೇ ಬೈದೆ. ಪಕ್ಕದ ಮಳಿಗೆಯ ಗಡಿಯಾರ ರಿಪೇರಿಯವನು ಎದ್ದು ಬಂದು ನೋಡಿದ. ಕಿವಿ ಕೇಳದವರಿಗೆ ತಾವು ಎಷ್ಟು ಜೋರಾಗಿ ಬೈಯುತ್ತೇವೆಂದು ತಿಳಿಯುವುದಿಲ್ಲ, ಕ್ಷಮಿಸಪ್ಪಾ ಎಂದೆ. ಒಡಹುಟ್ಟಿದವಳಿಗೆ ಹೇಳದೆ ಹೊಟ್ಟೆ ಕತ್ತರಿಸಿಕೊಂಡು ಬಂದಿದ್ದೀಯ. ಬಟ್ಟೆ ಕತ್ತರಿಸುವ ಮೊದಲೂ ನಾನು ಎರಡು ಸಲ ಯೋಚಿಸುತ್ತೇನೆ. ಇರಲಿ, ಆದದ್ದು ಆಯಿತು. ಚೆನ್ನಾಗಿ ವಾಸಿಮಾಡಿಕೋ.

ಟೇಪು ಕಳಿಸಿದರೆ ನೀನು ಅಂಕಿ ಬರೆಯುವಾಗ ಎರಡಿಂಚು ನುಂಗುತ್ತೀಯ, ಆ ಗುಣ ನನಗೆ ಗೊತ್ತು. ಅದಕ್ಕೇ ಮೂರು ನೂಲಿನ ಉಂಡೆ ಇಟ್ಟಿದ್ದೇನೆ. ಬಿಳಿಯದು ಸೊಂಟಕ್ಕೆ, ಕಪ್ಪು ತೊಡೆಗೆ, ಕೆಂಪು ಪಾದದ ಗಂಟಿಗೆ. ಸುತ್ತು, ತುದಿ ಕೂಡುವಲ್ಲಿ ಕತ್ತರಿಸು, ಲಕೋಟೆಯೊಳಗೆ ಹಾಕು. ಹೊಲಿಯುವ ಕೆಲಸ ನನ್ನದು.

ನನಗೆ ಕತ್ತರಿ ಹಿಡಿಯಲು ಕಲಿಸಿದ ಮಾಸ್ತರರು ನಿನಗೆ ನೆನಪಿರಬೇಕು. ಮೊದಲ ದಿನವೇ ಅವರು ಹೇಳಿದ್ದು, "ಅಳತೆ ತಗೋ, ಅಳತೆ ಬಗ್ಗೆ ಮಾತಾಡ್ಬೇಡ." ಗಿರಾಕಿಯ ಸೊಂಟ ಬೆಳೆದಿದ್ದರೆ ಬಿಡಿಸಿ ಕೊಡಬೇಕು, ಹೆಗಲು ಜೋತಿದ್ದರೆ ಒಳಗೆ ಹತ್ತಿ ತುಂಬಬೇಕು. ಯಾಕೆ ಹೀಗಾಯಿತು ಎಂದು ಕೇಳಿದರೆ ಅವನು ನಾಚಿಕೊಂಡು ಬೇರೆ ಅಂಗಡಿ ಹುಡುಕುತ್ತಾನೆ. ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ. ನಿನ್ನ ಮೈಯ ವಿಷಯದಲ್ಲೂ ಚಿಕ್ಕಂದಿನಿಂದ ಮನೆಯವರೆಲ್ಲ ಆಡಿಕೊಂಡದ್ದು ಸಾಕು, ಗುಂಡ ಎಂಬ ಹೆಸರಿಟ್ಟವಳೂ ನಾನೇ. ಇನ್ನು ಬಾಯಿ ಹೊಲಿದುಕೊಳ್ಳುತ್ತೇನೆ.

ಇದೊಂದು ಸಲ ಮಾತ್ರ ಕೇಳುತ್ತೇನೆ. ತಿನ್ನಲು ಏನು ಕೊಡುತ್ತಾರೆ?

ಸಿಟ್ಟು ಇಳಿಯದ,
ಅಕ್ಕ


ಏಪ್ರಿಲ್ 26

ಅಕ್ಕಾ,

ನೂಲುಗಳು ಒಳಗಿವೆ. ಬಿಳಿಯದನ್ನು ನೋಡಿ ಮೂರ್ಛೆ ಹೋಗಬೇಡ, ಅದು ನನ್ನದೇ ಸೊಂಟ. ಹಳೆಯ ಎರಡು ಪ್ಯಾಂಟನ್ನು ಬೇರೆ ಪಾರ್ಸೆಲ್ ಮಾಡಿದ್ದೇನೆ. ತೂಕ ನೂರಾ ನಲವತ್ತು. ಗೇಟಿನ ಗೂಡಿನಲ್ಲಿ ಕುರ್ಚಿಯ ಕೈಗಳ ನಡುವೆ ಈಗ ನನ್ನ ಜೊತೆ ಒಂದು ನೀರಿನ ಬಾಟಲಿಯೂ ಕೂರುತ್ತದೆ.

ಕೇಳಿದ್ದಕ್ಕೆ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಊಟದ ಲೆಕ್ಕ ಹೇಳುವ ಮೇಡಂ ಒಬ್ಬರಿದ್ದಾರೆ. ಮೊದಲು ಮೊಟ್ಟೆ, ಮೀನು, ಬೇಳೆ, ಮೊಸರು, ಅಂದರೆ ಮಾಂಸಖಂಡ ಉಳಿಸುವಂಥದ್ದು. ಹೊಟ್ಟೆಯಲ್ಲಿ ಜಾಗ ಉಳಿದರೆ ಮಿಕ್ಕದ್ದು. ಸದ್ಯಕ್ಕೆ ದಿನಕ್ಕೆ ಒಂಬೈನೂರು ಕ್ಯಾಲೊರಿಯ ಆಸುಪಾಸು, ಅದಕ್ಕಿಂತ ಕೆಳಗೆ ಹೋಗಬಾರದು. ಉಣ್ಣುವಾಗ ನೀರಿಲ್ಲ. ವಿಟಮಿನ್ ಮಾತ್ರೆ ಬದುಕಿರುವವರೆಗೂ. ಮಗುವಿಗೆ ತಿನ್ನಿಸುವ ಚಮಚದಲ್ಲಿ ತಿನ್ನುತ್ತೇನೆ. ನಾಲ್ಕು ಚಮಚಕ್ಕೆ ಎದೆಯ ಹತ್ತಿರ ಬಾಗಿಲು ಹಾಕಿದ ಹಾಗಾಗುತ್ತದೆ. ಒಂದು ಚಮಚ ಮೀರಿದರೆ ಬಚ್ಚಲಿಗೆ ಓಟ.

ಇವಳು ಅಭ್ಯಾಸಬಲದಿಂದ ಮೊದಲಿನಷ್ಟೇ ಅಡುಗೆ ಮಾಡುತ್ತಾಳೆ. ಎಸೆಯಲು ಮನಸ್ಸಾಗದೆ ನಿಂತುಕೊಂಡೇ ತಿಂದು ಮುಗಿಸುತ್ತಾಳೆ. ನನ್ನಿಂದ ಇಳಿದದ್ದು ಮನೆ ಬಿಟ್ಟು ಹೊರಗೆ ಹೋಗುತ್ತಿಲ್ಲ ಎಂದು ಹೇಳಿದೆ. ಎರಡು ದಿನ ಮಾತು ಬಿಟ್ಟಳು.

ಸಂಜೆ ಗೇಟು ಮುಚ್ಚುವ ಮೊದಲು ಹಳೆಯ ಕ್ರೇನಿನ ಬುಡಕ್ಕೆ ಹೋಗಿ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಬರುತ್ತೇನೆ. ಯಾರಿಗೂ ಹೇಳಬೇಡ.

ನಿನ್ನ,
ಗುಂಡ


ಮೇ 14

ಗುಂಡಾ,

ಶಾಲೆ ತೆರೆಯುವ ಕಾಲ. ಸಮವಸ್ತ್ರದ ರಾಶಿಯ ನಡುವೆ ನಾನೇ ಕಾಣುತ್ತಿಲ್ಲ. ಆದರೂ ನಿನ್ನ ಎರಡು ಪ್ಯಾಂಟು ಹಿಡಿದು ಕಳಿಸಿದ್ದೇನೆ. ಸೊಂಟದಿಂದ ತೆಗೆದ ಬಟ್ಟೆಯಲ್ಲಿ ಒಂದು ಮಗುವಿನ ಚಡ್ಡಿ ಆಗುತ್ತಿತ್ತು, ಎತ್ತಿಟ್ಟಿದ್ದೇನೆ. ನೂಲುಗಳನ್ನು ಹೊಲಿಗೆ ಯಂತ್ರದ ಮೇಲಿನ ಮೊಳೆಗೆ ನೇತುಹಾಕಿದ್ದೇನೆ. ಬರುವವರು ಯಾರ ಅಳತೆ ಎಂದು ಕೇಳಿದರೆ, ಆಕಾಶದಲ್ಲಿ ಕೆಲಸ ಮಾಡುವವನೊಬ್ಬನದು ಎನ್ನುತ್ತೇನೆ.

ನಾದಿನಿಯನ್ನು ರೇಗಿಸಬೇಡ. ಕಟ್ಟಿಕೊಂಡ ತಪ್ಪಿಗೆ ಅವಳು ಈಗಾಗಲೇ ಅನುಭವಿಸಿದ್ದಾಳೆ.

ಅಕ್ಕ


ಜುಲೈ 9

ಅಕ್ಕಾ,

ನಿಂತುಬಿಟ್ಟಿದೆ. ನೂರಾ ಇಪ್ಪತ್ತೆಂಟು. ಜೂನಿನಲ್ಲಿ ನಿಂತ ಮುಳ್ಳು ಈಗಲೂ ಅಲ್ಲೇ. ಬೆಳಿಗ್ಗೆ ಎದ್ದು ನೋಡುತ್ತೇನೆ, ಬಚ್ಚಲಿಗೆ ಹೋಗಿಬಂದು ನೋಡುತ್ತೇನೆ, ಬನಿಯನ್ನು ಬಿಚ್ಚಿ ನೋಡುತ್ತೇನೆ. ತಕ್ಕಡಿ ಕೆಟ್ಟಿರಬೇಕೆಂದು ಸಿಮೆಂಟ್ ಚೀಲ ಇಟ್ಟು ನೋಡಿದೆ. ಚೀಲದ ತೂಕ ಸರಿಯಾಗಿಯೇ ತೋರಿಸಿತು. ಕೆಟ್ಟಿರುವುದು ನಾನೇ.

ಮೇಡಂ ಹತ್ತಿರ ಹೋದೆ. ಇದು ಎಲ್ಲರಿಗೂ ಆಗುತ್ತದೆ, ಮೈ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತಿದೆ, ಕೆಲವು ವಾರ ಹೀಗೇ ಇದ್ದು ಮತ್ತೆ ಇಳಿಯುತ್ತದೆ ಎಂದರು. "ತೂಕ ನಿಂತಿದೆ ಅಂತ ಊಟ ಮಾತ್ರ ಕಡಿಮೆ ಮಾಡ್ಬೇಡಿ. ಹಾಗೆ ಮಾಡಿದ್ರೆ ಮೈ ಇನ್ನೂ ಬಿಗಿ ಹಿಡಿಯುತ್ತೆ" ಎಂದು ಎರಡು ಸಲ ಹೇಳಿದರು. ಪ್ರೋಟೀನು ಹೆಚ್ಚಿಸಿ, ನಡೆಯಿರಿ, ತಕ್ಕಡಿಯನ್ನು ವಾರಕ್ಕೊಮ್ಮೆ ಹತ್ತಿ. ನಾನು ತಲೆಯಾಡಿಸಿ ಬಂದೆ.

ಆದರೆ ಅಕ್ಕಾ, ನಾನು ಹೊರೆ ಎತ್ತಿ ಬದುಕಿದವನು. ಹಗ್ಗ ತಾಳದಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತು. ಬುಟ್ಟಿಯಿಂದ ಒಂದಷ್ಟು ಇಳಿಸಬೇಕು. ತಾಳದಿದ್ದರೆ ಇನ್ನೊಂದಷ್ಟು. ಬುಟ್ಟಿಗೆ ಇನ್ನೂ ತುಂಬಿಸು, ಹಗುರವಾಗುತ್ತದೆ ಎನ್ನುವವರನ್ನು ಸೈಟಿನಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ.

ಸೇಫ್ಟಿ ಆಫೀಸರ್ ಗೇಟು ದಾಟುವಾಗ "ಎಷ್ಟಾಯ್ತು?" ಎನ್ನುತ್ತಾನೆ. ಕೆಟ್ಟ ಮನುಷ್ಯನೇನಲ್ಲ. ಆದರೂ ಆ ಪ್ರಶ್ನೆ ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಅಲ್ಲಿ ಒಬ್ಬ ಎಳೆಯನನ್ನು ಹೊಸ ಕ್ರೇನಿಗೆಂದು ತರಬೇತಿಗೆ ಹಾಕಿದ್ದಾರಂತೆ. ಕಡ್ಡಿ ಇದ್ದಾನೆ.

ಗುಂಡ


ಜುಲೈ 18

ಗುಂಡಾ,

ನಿನ್ನ ತಕ್ಕಡಿಯನ್ನು ಒಲೆಗೆ ಹಾಕು. ಲಕೋಟೆ ಒಡೆದು ಮೊದಲು ಮಾಡಿದ ಕೆಲಸವೆಂದರೆ ಹೊಸ ನೂಲುಗಳನ್ನು ಮೊಳೆಯ ಮೇಲಿನ ಹಳೆಯವುಗಳ ಪಕ್ಕ ಹಿಡಿದದ್ದು. ಮುಳ್ಳು ನಿಂತಿದೆ ಎನ್ನುತ್ತೀಯ, ಬಿಳಿ ನೂಲು ಎರಡು ಬೆರಳು ಗಿಡ್ಡವಾಗಿದೆ. ಕಪ್ಪು ಒಂದು ಬೆರಳು. ತೂಕ ನಿಂತಾಗಲೂ ಮೈ ಕರಗುತ್ತದೆ, ಇದನ್ನು ನಾನು ಹೇಳುತ್ತಿಲ್ಲ, ನೂಲು ಹೇಳುತ್ತಿದೆ. ಹೆರಿಗೆಯಾದ ಹೆಂಗಸರ ರವಿಕೆ ಎಷ್ಟು ಹಿಡಿದಿಲ್ಲ ನಾನು. ತೂಕ ಇಳಿದೇ ಇಲ್ಲ ಎಂದು ಅಳುತ್ತಾ ಬಂದವರು ರವಿಕೆ ತೊಟ್ಟು ನಗುತ್ತಾ ಹೋಗಿದ್ದಾರೆ.

ಆ ಮೇಡಂ ಹೇಳಿದ್ದನ್ನು ಕೇಳು. ಮನುಷ್ಯನ ಮೈ ಬುಟ್ಟಿಯಲ್ಲ ಕಣೋ. ನಾನು ಓದಿದವಳಲ್ಲ, ಅದು ಯಾಕೆ ಹಾಗೆ ಎಂದು ವಿವರಿಸಲು ಬರುವುದಿಲ್ಲ. ಆದರೆ ಹಸಿದ ಕೈಯಲ್ಲಿ ಸೂಜಿ ನಡುಗುವುದು ಗೊತ್ತು. ಹಸಿದ ಕೈಯಲ್ಲಿ ನೀನು ಕ್ರೇನಿನ ಹಿಡಿ ಹಿಡಿಯುತ್ತೀಯಾ?

ತಿಂದೆ ಎಂದು ಬರೆ. ಏನು ತಿಂದೆ ಎಂದೂ ಬರೆ. ಇಷ್ಟೂ ಕೇಳಬಾರದು, ಬಾಯಿ ಹೊಲಿದುಕೊಳ್ಳುತ್ತೇನೆ ಎಂದಿದ್ದೆ. ನಿನ್ನ ವಿಷಯದಲ್ಲಿ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಅಕ್ಕ


ಸೆಪ್ಟೆಂಬರ್ 3

ಅಕ್ಕಾ,

ತಿಂದೆ. ಬೆಳಿಗ್ಗೆ ಸೂಪು. ಮಧ್ಯಾಹ್ನ ಸೂಪಿನ ಮಿಕ್ಕದ್ದು. ಸಂಜೆ ಹಸಿವಿರಲಿಲ್ಲ, ಸುಳ್ಳಲ್ಲ, ಈಗ ಹಸಿವೇ ಆಗುವುದಿಲ್ಲ. ಗಟ್ಟಿಯದು ತಿಂದರೆ ನಿಲ್ಲುವುದಿಲ್ಲ, ಎಲ್ಲ ವಾಪಸು ಬರುತ್ತದೆ. ಮಾತ್ರೆಗಳು ಹೊಟ್ಟೆ ತೊಳೆಸುತ್ತವೆ, ಸದ್ಯಕ್ಕೆ ಬಿಟ್ಟಿದ್ದೇನೆ. ಮೇಡಂ ಕಡೆ ಹೋಗಿಲ್ಲ. ಹೋದರೆ ಬೈಯುತ್ತಾರೆ. ಅಕ್ಕನಿಂದ ಬೈಸಿಕೊಂಡರೆ ಸಾಕಲ್ಲ ಒಂದು ಜನ್ಮಕ್ಕೆ. ಇವಳಿಗೆ ಹೇಳಬೇಡ, ಇವಳು ಡಬ್ಬಿ ತುಂಬಿಸಿ ಕೊಡುತ್ತಾಳೆ, ಡಬ್ಬಿ ಖಾಲಿಯಾಗಿಯೇ ಮನೆಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿ ನೂರಾ ಇಪ್ಪತ್ತಾರು. ಎರಡು ತಿಂಗಳಿಗೆ ಎರಡು ಕೆಜಿ. ನನ್ನ ಮೈಗೆ ನಾಚಿಕೆ ಎಂಬುದು ಇಲ್ಲ ಅಕ್ಕಾ. ಗಾಳಿ ತಿಂದು ಭಾರವಾಗುತ್ತಿದೆ.

ಒಂದು ತಮಾಷೆ ಕೇಳು. ಬರಿಗಾಲಲ್ಲಿ ನಡೆದರೂ ಕಾಲುಚೀಲ ಹಾಕಿಕೊಂಡ ಹಾಗೆ ಅನಿಸುತ್ತದೆ. ನಿನ್ನೆ ಗೂಡಿನಲ್ಲಿ ಒಂದು ಚಪ್ಪಲಿ ಬಿಟ್ಟು ಮನೆಯವರೆಗೂ ಬಂದಿದ್ದೆ, ಗೊತ್ತೇ ಆಗಲಿಲ್ಲ. ಇವಳು ನೋಡಿ ನಕ್ಕು ನಕ್ಕು ಸುಸ್ತಾದಳು. ನಾನೂ ನಕ್ಕೆ.

ನೂಲುಗಳು ಒಳಗಿವೆ. ಪಾರ್ಸೆಲ್ ಮಾಡಿದ ಪ್ಯಾಂಟನ್ನು ಬೇಗ ಹಿಡಿದು ಕಳಿಸು. ಪಾದದ ಹತ್ತಿರ ಯಾಕೋ ಹಿಡಿಯುತ್ತಿದೆ, ಎಳೆದು ಏರಿಸಬೇಕಾಗುತ್ತದೆ. ಸೊಂಟದಲ್ಲಿ ಮಾತ್ರ ಜಾರುತ್ತದೆ. ಹೊಸ ಕ್ರೇನಿನ ಬುಡದ ಕಾಂಕ್ರೀಟು ಹಾಕಿದ್ದಾರೆ.

ಗುಂಡ


ಸೆಪ್ಟೆಂಬರ್ 12

ಗುಂಡಾ,

ಪ್ಯಾಂಟು ಕಳಿಸಿದ್ದೇನೆ. ಸೊಂಟ ಚೆನ್ನಾಗಿ ಹಿಡಿದಿದ್ದೇನೆ. ತೊಡೆಯನ್ನೂ.

ಕೆಂಪು ನೂಲನ್ನು ಮೂರು ಸಲ ಹಿಡಿದು ನೋಡಿದೆ. ಹಳೆಯ ಕೆಂಪಿಗಿಂತ ಉದ್ದವಾಗಿದೆ, ಏಪ್ರಿಲಿನದಕ್ಕಿಂತಲೂ ಉದ್ದ. ಬೂಟಿನ ಮೇಲೆ ಸುತ್ತಿದ್ದೀಯೋ, ಕಾಲುಚೀಲದ ಮೇಲೆ ಸುತ್ತಿದ್ದೀಯೋ ತಿಳಿಯಲಿಲ್ಲ. ಹೇಗೂ ಹಿಡಿಯುತ್ತಿದೆ ಎಂದು ನೀನೇ ಬರೆದಿದ್ದೀಯಲ್ಲ. ಅದಕ್ಕೆ ಒಳಹೊಲಿಗೆ ಬಿಚ್ಚಿ ಒಂದೊಂದು ತ್ರಿಕೋನದ ತುಂಡು ಸೇರಿಸಿದ್ದೇನೆ. ಅದೇ ಬಣ್ಣದ ಬಟ್ಟೆ ಸಿಕ್ಕಿತು, ಹತ್ತಿರದಿಂದ ನೋಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಈಗ ಸಲೀಸಾಗಿ ಏರುತ್ತದೆ.

ಬರೀ ಸೂಪು ಕುಡಿದರೆ ಆಗುವುದಿಲ್ಲ. ಮಾತ್ರೆ ನುಂಗು. ನಾದಿನಿಗೆ ಹೇಳಬೇಡ ಎಂದಿದ್ದೀಯ, ಹೇಳಿಲ್ಲ. ಒಮ್ಮೆ ಬಂದು ಹೋಗಲೇ? ನೀನು ಬೇಡ ಎಂದಿದ್ದಕ್ಕೆ ಸುಮ್ಮನಿದ್ದೇನೆ.

ಅಕ್ಕ


ಅಕ್ಟೋಬರ್ 8

ಅಕ್ಕಾ

ಪ್ಯಾಂಟು ಚೆನ್ನಾಗಿ ಕೂರುತ್ತದೆ. ನಿನ್ನ ಕೈ ನಿನ್ನ ಕೈಯೇ. ಈ ಗೆರೆಗಳು ಯಾಕೋ ನೇರ ಬರುತ್ತಿಲ್ಲ, ಒಂದು ಗೆರೆ ಎರಡಾಗಿ ಕಾಣುತ್ತದೆ, ಯಾವುದರ ಮೇಲೆ ಬರೆಯಬೇಕೋ ತಿಳಿಯದೆ ಎರಡರ ನಡುವೆ ಬರೆಯುತ್ತಿದ್ದೇನೆ. ಲಾರಿಗಳ ನಂಬರೂ ಹಾಗೇ. ನಿದ್ದೆ ಸಾಲದು ಎಂದು ಕಾಣುತ್ತದೆ.

ನೂರಾ ಇಪ್ಪತ್ತೇಳು. ಒಂದು ಹೆಚ್ಚಾಗಿದೆ. ಸೂಪನ್ನೂ ನಿಲ್ಲಿಸಿದ್ದೇನೆ. ನೀರು ಸಾಕು.

ಏಣಿಯ ಮೇಲೆ ಕಾಲಿಟ್ಟೆ. ಇಟ್ಟಿದ್ದೇನೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ಹೊಸ ಕ್ರೇನು ಅರ್ಧ ಎದ್ದಿದೆ. ಹಳದಿ ಬಣ್ಣ.

ಪ್ಯಾಂಟು ಚೆನ್ನಾಗಿ ಕೂರುತ್ತದೆ. ನಿನ್ನ ಕೈ ನಿನ್ನ ಕೈಯೇ. ನೂಲು ಕಳಿಸಿದೆನಾ?

ಗುಂಡ


ಅಕ್ಟೋಬರ್ 15

ಗುಂಡಾ,

ನಿನ್ನ ಪತ್ರ ಈಗಷ್ಟೇ ಬಂತು. ಅದನ್ನು ಹಳೆಯ ಪತ್ರಗಳ ಪಕ್ಕ ಹಿಡಿದು ನೋಡಿದೆ. ಇದು ನಿನ್ನ ಅಕ್ಷರವಲ್ಲ. ನೂಲು ಕಳಿಸಿಲ್ಲ. ಬೇಡ, ಕಳಿಸಬೇಡ. ಅಂಗಡಿಗೆ ಬೀಗ ಹಾಕುತ್ತಿದ್ದೇನೆ, ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ. ಬರಬೇಡ ಎಂದರೂ ಬರುತ್ತೇನೆ. ನಾದಿನಿಗೆ ಮೆಸೇಜು ಮಾಡಿದ್ದೇನೆ, ನನಗೆ ಬರುವಷ್ಟು. ಈ ಪತ್ರಕ್ಕಿಂತ ಮೊದಲು ನಾನೇ ತಲುಪಬಹುದು, ಆದರೂ ಬರೆಯುತ್ತಿದ್ದೇನೆ. ಕೈ ಸುಮ್ಮನಿರಲು ಒಪ್ಪುತ್ತಿಲ್ಲ.

ಅಕ್ಕ


ನವೆಂಬರ್ 21

ಅತ್ತಿಗೆ,

ನೀವು ಇವರ ಜೊತೆ ಆಸ್ಪತ್ರೆಯಲ್ಲಿದ್ದ ಅಷ್ಟು ದಿನವೂ ಡಾಕ್ಟರುಗಳು ಮುಖಕ್ಕೆ ಮಾಸ್ಕು ಹಾಕಿಕೊಂಡೇ ಮಾತಾಡಿದರು. ನಿಮಗೆ ಅವರ ತುಟಿ ಕಾಣಲಿಲ್ಲ, ನೀವು ನನ್ನ ಮುಖ ನೋಡಿದಿರಿ, ನಾನು ಅಳುತ್ತಿದ್ದೆ. ಎಲ್ಲವನ್ನೂ ಆಮೇಲೆ ಬರೆದು ತಿಳಿಸುತ್ತೇನೆ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಬರೆಯಲು ಇಷ್ಟು ದಿನ ಬೇಕಾಯಿತು.

ಬಿ-ಒನ್ ಎಂಬ ಒಂದು ವಿಟಮಿನ್ನು ನಿಮ್ಮ ತಮ್ಮನ ಮೈಯಲ್ಲಿ ಪೂರ್ತಿ ಬರಿದಾಗಿತ್ತಂತೆ. ಊಟ ಇಲ್ಲ, ತಿಂದದ್ದು ವಾಂತಿ, ಮಾತ್ರೆಯನ್ನೂ ಬಿಟ್ಟಿದ್ದರು. ಅದು ಬರಿದಾದರೆ ಮೊದಲು ಕಾಲಿನ ನರಗಳು ಸಾಯುತ್ತವೆ, ಆಮೇಲೆ ಕಣ್ಣಿಗೆ ಎರಡೆರಡು ಕಾಣುತ್ತದೆ, ಆಮೇಲೆ ನೆನಪು ಹೋಗುತ್ತದೆ. ನೀವು ರೈಲಿನಲ್ಲಿದ್ದಾಗ ಅವರು ಗೇಟಿನ ಹತ್ತಿರ ಕುಸಿದು ಬಿದ್ದದ್ದು ಅದಕ್ಕೇ. ಡಬ್ಬಿಯ ಊಟವನ್ನು ಲಾರಿಯವರು ತಿನ್ನುತ್ತಿದ್ದರು ಎಂದು ನನಗೆ ಆಸ್ಪತ್ರೆಗೆ ನೋಡಲು ಬಂದ ಡ್ರೈವರೊಬ್ಬ ಹೇಳಿದ. ತುಂಬಾ ಒಳ್ಳೆ ಅಡುಗೆ ಎಂದೂ ಹೇಳಿದ.

ಇನ್ನೊಂದು ವಿಷಯ. ಕಾಲುಗಳು ನೀರು ತುಂಬಿ ಊದಿದ್ದವಲ್ಲ, ತೂಕ ನಿಂತ ಹಾಗೆ ಕಂಡದ್ದು ಆ ನೀರಿನಿಂದ. ಒಳಗೆ ಮಾಂಸ ಕರಗುತ್ತಿತ್ತು, ಅದರ ಜಾಗಕ್ಕೆ ನೀರು ಬರುತ್ತಿತ್ತು, ಮುಳ್ಳು ಅಲ್ಲೇ ನಿಂತಿತ್ತು. ಜೂನಿನಲ್ಲಿ ಮೊದಲ ಸಲ ನಿಂತದ್ದು ಸಹಜವಾದದ್ದು, ಸುಮ್ಮನೆ ತಿನ್ನುತ್ತಾ ಇದ್ದಿದ್ದರೆ ತಾನಾಗಿ ಇಳಿಯುತ್ತಿತ್ತು ಎಂದು ಊಟದ ಮೇಡಂ ಹೇಳಿದರು. ಅವರೂ ಅತ್ತರು. ಕಾಲು ಊದಿದ ಮೊದಲ ವಾರಗಳಲ್ಲೇ ಬಂದಿದ್ದರೆ ಬರೀ ಇಂಜೆಕ್ಷನ್ನಿನಲ್ಲಿ ಸರಿಹೋಗುತ್ತಿತ್ತು ಎಂದರು ದೊಡ್ಡ ಡಾಕ್ಟರು. ಒಂದು ಚಪ್ಪಲಿ ಮರೆತು ಬಂದ ದಿನದಿಂದ ಮನೆಯಲ್ಲಿ ಅವರು ಕಾಲುಚೀಲ ಬಿಚ್ಚುತ್ತಿರಲಿಲ್ಲ ಅತ್ತಿಗೆ. ಪ್ಯಾಂಟು ಸಡಿಲವಾಗಿತ್ತು. ಊತ ನನಗೆ ಕಾಣಲೇ ಇಲ್ಲ.

ಈಗ ನೀರೆಲ್ಲ ಇಳಿದಿದೆ. ನೂರಾ ಹದಿನಾಲ್ಕು ಕೆಜಿ. ಗೋಡೆ ಹಿಡಿದು ಬಚ್ಚಲಿನವರೆಗೆ ನಡೆಯುತ್ತಾರೆ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ ಎಂದಿದ್ದಾರೆ. ಹಳೆಯದೆಲ್ಲ ನೆನಪಿದೆ. ನಿನ್ನೆಯದು ಇಲ್ಲ, ಇವತ್ತು ಬೆಳಗಿನದೂ ಇಲ್ಲ. ಆಪರೇಷನ್ ಆಗಿ ಕೆಲವು ದಿನವಾಗಿದೆ ಎಂದುಕೊಂಡಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ತೂಕ ಎಷ್ಟು ಎಂದು ಕೇಳುತ್ತಾರೆ. ನೂರಾ ಹದಿನಾಲ್ಕು ಎನ್ನುತ್ತೇನೆ. "ನಿಜವಾಗ್ಲೂ? ಹಾಗಾದ್ರೆ ನಾನು ಮೇಲೆ ಹೋಗ್ಬಹುದು" ಎನ್ನುತ್ತಾರೆ. ಮುಖ ಅರಳುತ್ತದೆ. ದಿನಾ ಹೀಗೇ. ನಾನು ದಿನಾ ಹೇಳುತ್ತೇನೆ. ಹೇಳಲು ಧೈರ್ಯ ಸಾಲದ ದಿನ ಕೇಳಿಸದ ಹಾಗೆ ಅಡುಗೆಮನೆಗೆ ಹೋಗುತ್ತೇನೆ.

ನಿಮ್ಮ ನಾದಿನಿ


ಡಿಸೆಂಬರ್ 2

ಮಗಳೇ,

ನಾದಿನಿ ಎಂದು ಬರೆಯಲು ಕೈ ಬರಲಿಲ್ಲ.

ಪ್ಯಾಂಟು ಸಡಿಲವಾಗಿತ್ತು ಎಂದು ಬರೆದಿದ್ದೀಯ. ಸಡಿಲ ಮಾಡಿದವಳು ನಾನು. ಸೆಪ್ಟೆಂಬರಿನಲ್ಲಿ ಅವನು ಕಳಿಸಿದ ಕೆಂಪು ನೂಲು ನನ್ನ ಕೈಯಲ್ಲಿತ್ತು. ಸೊಂಟ ಕರಗುತ್ತಿರುವವನ ಪಾದ ಮಾತ್ರ ಹೇಗೆ ದಪ್ಪವಾಗುತ್ತದೆ ಎಂದು ಒಂದು ಮಾತು ಕೇಳಿದ್ದರೆ, ನಿನಗೆ ಒಂದು ಮೆಸೇಜು ಮಾಡಿದ್ದರೆ, ನೀನು ಆ ಕಾಲುಚೀಲ ಎಳೆದು ನೋಡುತ್ತಿದ್ದೆ. ನಾನು ಕೇಳಲಿಲ್ಲ. ಕೇಳಬಾರದೆಂದು ಕಲಿತಿದ್ದೆ. ಇಡೀ ಆಯುಸ್ಸು ಗಿರಾಕಿಗಳ ಮರ್ಯಾದೆ ಕಾಯುತ್ತಾ ಬಂದ ಚಾಳಿಯನ್ನು ಒಡಹುಟ್ಟಿದವನ ಮೇಲೂ ತೋರಿಸಿದೆ. ಊತಕ್ಕೆ ತಕ್ಕ ಹಾಗೆ ಬಟ್ಟೆ ಸೇರಿಸಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೆಮ್ಮೆಯಿಂದ ಬರೆದೆ. ಅವನು ಊಟ ಬಿಟ್ಟದ್ದೂ ಗೊತ್ತಿತ್ತು. ನಿನ್ನಿಂದ ಮುಚ್ಚಿಟ್ಟೆ.

ನೀನು ಬೈಯುವವಳಲ್ಲ. ಬೈದುಬಿಡು. ನನಗೆ ಕೇಳಿಸುವುದಿಲ್ಲ ಎಂದು ಸುಮ್ಮನಿರಬೇಡ, ಬರೆದು ಬೈ.

ಆ ಪ್ಯಾಂಟನ್ನು ವಾಪಸು ಕಳಿಸು.

ಅವನ ಅಕ್ಕ


ಜನವರಿ 16

ಅಕ್ಕಾ

ಬದುಕಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೆಯಿಂದ ಓದುತ್ತೀಯ. ಆಪರೇಷನ್ ಆಗಿ ನಾಲ್ಕು ದಿನವಾಯಿತು. ಹೊಟ್ಟೆ ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸಿದ್ದಾರೆ. ಮಿಕ್ಕದ್ದನ್ನು ಎಲ್ಲಿಟ್ಟಿರಿ ಎಂದು ಕೇಳಿದೆ, ಡಾಕ್ಟರು ನಗಲಿಲ್ಲ.

ನಿನಗೆ ಹೇಳಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ನವೆಂಬರಿನಲ್ಲಿ ಹೊಸ ಕ್ರೇನು ನಿಲ್ಲುತ್ತದೆ. ಕಿಟಕಿಯಿಂದ ದೂರದಲ್ಲಿ ಒಂದು ಹಳದಿ ಕ್ರೇನು ಕಾಣುತ್ತದೆ, ಅದು ಯಾರದೋ ಗೊತ್ತಿಲ್ಲ, ನಡೆಸುವವನು ಚೆನ್ನಾಗಿ ನಡೆಸುತ್ತಾನೆ. ಸ್ವಲ್ಪ ಆತುರ. ಎಳೆಯನಿರಬೇಕು.

ಏಣಿಗೆ ಸಿಕ್ಕದ ಹಾಗೆ ಪಾದದ ಹತ್ತಿರ ಬಿಗಿಯಾಗಿರುವ ಪ್ಯಾಂಟು ಬೇಕು. ಅಳತೆ ಹೇಗೆ ಕಳಿಸಲಿ ಹೇಳು. ಇವಳು ಯಾಕೋ ಇತ್ತೀಚೆಗೆ ತುಂಬಾ ಇಳಿದಿದ್ದಾಳೆ, ನೀನು ಒಂದು ಮಾತು ಕೇಳು.

ನೋಡಲು ಈಗ ಬರಬೇಡ. ನೂರಿಪ್ಪತ್ತರ ಕೆಳಗೆ ಬಂದ ದಿನ ಬಾ.

ನಿನ್ನ,
ಗುಂಡ


ಜನವರಿ 23

ಗುಂಡಾ,

ಪತ್ರ ಓದಿ ಅಂಗಡಿಯಲ್ಲೇ ಬೈದೆ. ಗಡಿಯಾರದವನು ಎದ್ದು ಬಂದು ನೋಡಿದ, ನನ್ನ ಮುಖ ನೋಡಿ ಏನೂ ಕೇಳದೆ ನೀರು ತಂದುಕೊಟ್ಟ.

ಅಳತೆ ಕಳಿಸುವುದು ಬೇಡ. ನಾನೇ ತೆಗೆದುಕೊಳ್ಳುತ್ತೇನೆ. ನಾದಿನಿ ಕಳಿಸಿದ ಪ್ಯಾಂಟಿನಿಂದ ಪಾದದ ಹತ್ತಿರದ ಎರಡು ತುಂಡು ಬಿಚ್ಚಿ ತೆಗೆದಿದ್ದೇನೆ. ಹೊಲಿಗೆ ತುಂಬಾ ಗಟ್ಟಿಯಾಗಿ ಹಾಕಿದ್ದೆ, ಬಿಚ್ಚಲು ಒಂದಿಡೀ ಮಧ್ಯಾಹ್ನ ಹಿಡಿಯಿತು. ಈಗ ಮೊದಲಿನ ಹಾಗೆ ಬಿಗಿಯಾಗಿದೆ, ಯಾವ ಏಣಿಗೂ ಸಿಕ್ಕುವುದಿಲ್ಲ.

ಇನ್ನು ಮೇಲೆ ಎಲ್ಲವನ್ನೂ ಕೇಳುತ್ತೇನೆ. ಬೆಳಿಗ್ಗೆ ಏನು ತಿಂದೆ, ಎಷ್ಟು ಚಮಚ, ಮಾತ್ರೆ ನುಂಗಿದೆಯಾ, ನೆಲ ಕಾಲಿಗೆ ತಣ್ಣಗೆ ತಾಗುತ್ತದಾ, ಕಾಲುಚೀಲ ಬಿಚ್ಚು ನೋಡೋಣ. ನೀನು ನಾಚಿಕೊಂಡರೂ ಕೇಳುತ್ತೇನೆ. ನಾದಿನಿ ಯಾಕೆ ಇಳಿದಿದ್ದಾಳೆಂದು ಅವಳನ್ನೂ ಕೇಳುತ್ತೇನೆ. ಅವಳಿಗೆ ಬೆಳಿಗ್ಗೆ ಸ್ವಲ್ಪ ಹೊತ್ತು ಮಲಗಲು ಬಿಡಬೇಕು.

ಭಾನುವಾರದ ರೈಲಿಗೆ ಬರುತ್ತಿದ್ದೇನೆ. ಹೊಲಿಗೆ ಯಂತ್ರವನ್ನೂ ತರುತ್ತೇನೆ. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ, ಬರಬೇಡ ಎಂದಿದ್ದೆನಲ್ಲ, ಯಾಕೆ ಬಂದೆ ಎಂದು ಕೇಳುತ್ತೀಯ. ನೂರಿಪ್ಪತ್ತರ ಕೆಳಗೆ ಬಂದಿದ್ದೀಯ, ಅದಕ್ಕೇ ಬಂದೆ ಎನ್ನುತ್ತೇನೆ. ಸೋಮವಾರ ಮತ್ತೆ ಕೇಳಿದರೆ ಮತ್ತೆ ಹೇಳುತ್ತೇನೆ.

ನಿನ್ನ,
ಅಕ್ಕ